ಒಂದು ಕೋಣೆ, ಮೂರು ಹೆಸರಾಂತ ಪೂಲ್ ಟೇಬಲ್‌ಗಳು: ಆಯ್ಕೆಯೊಂದರ ಪ್ರಕರಣ ಅಧ್ಯಯನ

ಮನೆಯಲ್ಲಿ ಪೂಲ್ ಆಡಲು, ಅಂದರೆ ಕೋಲಿನಿಂದ ಚೆಂಡು ಹೊಡೆದು ಟೇಬಲ್ಲಿನ ಅಂಚಿನ ಪಾಕೆಟ್ಟುಗಳಿಗೆ ಬೀಳಿಸುವ ಆಟಕ್ಕೆ, ಮೇಲ್ದರ್ಜೆಯ ಟೇಬಲ್ ಕೊಳ್ಳಲು ಮುಂದಾದ ಒಂದು ಕುಟುಂಬದ ಮುಂದೆ ಮೂರು ಹೆಸರುಗಳಿದ್ದವು: ಬ್ರನ್ಸ್‌ವಿಕ್ ಕಂಪನಿಯ ಗೋಲ್ಡ್ ಕ್ರೌನ್, ಡೈಮಂಡ್ ಕಂಪನಿಯ ಪ್ರೊ-ಆ್ಯಮ್, ಮತ್ತು ಓಲ್‌ಹೌಸೆನ್ ಕಂಪನಿಯ ಗಟ್ಟಿಮರದ ಟೇಬಲ್. ಮೂರೂ ಒಳ್ಳೆಯ ಟೇಬಲ್‌ಗಳೇ. ಹಾಗಾಗಿ ಯಾವುದು ಶ್ರೇಷ್ಠ ಎಂದು ಕೇಳಿದವರಿಗೆಲ್ಲ ಒಬ್ಬೊಬ್ಬ ಆಟಗಾರ ಒಂದೊಂದು ಉತ್ತರ ಕೊಟ್ಟಿದ್ದ, ಮತ್ತು ಪ್ರತಿಯೊಂದು ಉತ್ತರವೂ ಆ ಆಟಗಾರ ಯಾವ ಟೇಬಲ್ಲಿನ ಮೇಲೆ ಕಲಿತನೋ ಅದರತ್ತಲೇ ವಾಲಿತ್ತು. ಅಳತೆಯ ಹಂತದಿಂದ ಜೋಡಣೆಯವರೆಗೆ ಈ ಆಯ್ಕೆಯಲ್ಲಿ ಸಲಹೆಗಾರನಾಗಿ ಜೊತೆಗಿದ್ದು ಕಂಡದ್ದನ್ನು, ಮತ್ತು ನಿರ್ಧಾರವು ಯಾವ ಕಾರಣಗಳಿಂದ ರೂಪುಗೊಂಡಿತು ಎಂಬುದನ್ನು, ಇಲ್ಲಿ ದಾಖಲಿಸುತ್ತಿದ್ದೇನೆ.

ಕುಟುಂಬದಲ್ಲಿ ನಾಲ್ವರು. ಪತ್ನಿ ಲೀಗ್ ಪಂದ್ಯಗಳಲ್ಲಿ ಒಂಬತ್ತು ಚೆಂಡಿನ ಆಟ ಆಡುವವರು. ಅವರಿಗೆ ಬೇಕಾಗಿದ್ದದ್ದು ಪಂದ್ಯದ ಟೇಬಲ್ಲಿನಂತೆಯೇ ವರ್ತಿಸುವ ಅಭ್ಯಾಸದ ಟೇಬಲ್. ಪತಿ ಸಂಜೆಯ ಹೊತ್ತು ಹಗುರವಾಗಿ ಆಡುವವರು. ಮಗಳು ಮತ್ತು ಮಗ ಈಗಷ್ಟೇ ಕ್ಯೂ, ಅಂದರೆ ಆಟದ ಕೋಲು, ಹಿಡಿಯಲು ಕಲಿಯುತ್ತಿದ್ದರು. ಕೋಣೆ ನೆಲಮಹಡಿಯಲ್ಲಿದೆ, ನೆಲ ಕಾಂಕ್ರೀಟಿನದು, ಹೊರಗಿನಿಂದ ನೇರವಾಗಿ ಒಳಬರುವ ಅಗಲವಾದ ಜೋಡಿಬಾಗಿಲಿದೆ. ಕೋಣೆಯ ಉದ್ದ 17 ಅಡಿ 6 ಅಂಗುಲ, ಅಗಲ 14 ಅಡಿ.

ಕೋಣೆ ಹೇಳಿದ ಮೊದಲ ಮಾತು

ಕುಟುಂಬ ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ಒಂಬತ್ತಡಿಯ ಟೇಬಲ್. ಅದು ಸಹಜ, ಏಕೆಂದರೆ ದೊಡ್ಡ ಪಂದ್ಯಾವಳಿಗಳು ನಡೆಯುವುದು ಅದರ ಮೇಲೆ. ಒಂಬತ್ತಡಿ ಎಂಬುದು ಹೆಸರು ಮಾತ್ರ. ಟೇಬಲ್ಲಿನ ಒಳಅಂಚಿನ ರಬ್ಬರ್ ಪಟ್ಟಿಗೆ ಕುಶನ್ ಎನ್ನುತ್ತಾರೆ, ಅದರ ಮುಂಚಾಚಿದ ಮೂಗಿನಿಂದ ಎದುರಿನ ಮೂಗಿಗೆ ಅಳೆದರೆ ಆಟದ ಜಾಗ 100 ಅಂಗುಲ ಉದ್ದ, 50 ಅಂಗುಲ ಅಗಲ. ಸಾಮಾನ್ಯ ಕ್ಯೂವಿನ ಉದ್ದ 58 ಅಂಗುಲ. ಎರಡೂ ಬದಿಗೆ ಒಂದೊಂದು ಕ್ಯೂವಿನಷ್ಟು ಜಾಗ ಸೇರಿಸಿದರೆ 216 ಅಂಗುಲ, ಅಂದರೆ 18 ಅಡಿ ಉದ್ದದ ಕೋಣೆ ಬೇಕು. ಈ ಕೋಣೆಯ ಉದ್ದ 210 ಅಂಗುಲ. ಟೇಬಲ್ಲನ್ನು ನಟ್ಟನಡುವೆ ಇಟ್ಟರೆ ಎರಡೂ ತುದಿಗಳಲ್ಲಿ 55 ಅಂಗುಲವಷ್ಟೇ ಉಳಿಯುತ್ತದೆ.

ಮೂರು ಅಂಗುಲದ ಕೊರತೆ ದೊಡ್ಡದೇ ಎಂದು ಪತಿ ಕೇಳಿದರು. ಈ ಪ್ರಶ್ನೆಗೆ ಉತ್ತರಿಸಬೇಕಾದರೆ ಆ ಕೊರತೆ ಯಾವ ಹೊಡೆತದಲ್ಲಿ ಕಾಡುತ್ತದೆ ಎಂದು ನೋಡಬೇಕು. ಆಟ ಶುರುಮಾಡುವ ಬ್ರೇಕ್ ಹೊಡೆತದಲ್ಲಿ ಅದು ಕಾಡುವುದಿಲ್ಲ, ಏಕೆಂದರೆ ಕ್ಯೂವಿನಿಂದ ಹೊಡೆಯುವ ಬಿಳಿ ಚೆಂಡನ್ನು ತುದಿಯ ಕುಶನ್ನಿನಿಂದ 25 ಅಂಗುಲ ಮುಂದಿನ ಗೆರೆಯವರೆಗೂ ಇಟ್ಟುಕೊಳ್ಳಬಹುದು. ಬಿಳಿ ಚೆಂಡು ತುದಿಯ ಕುಶನ್ನಿಗೆ ಅಂಟಿಕೊಂಡು ನಿಂತಾಗ ತೊಂದರೆ ಶುರುವಾಗುತ್ತದೆ. ಆಗ ಕ್ಯೂವಿನ ಇಡೀ ಉದ್ದ ಆಟದ ಜಾಗದ ಹೊರಗೇ ಇರುತ್ತದೆ, ಅದರ ಮೇಲೆ ಕೈಯನ್ನು ಹಿಂದಕ್ಕೆಳೆಯಲು ಇನ್ನೂ ಐದಾರು ಅಂಗುಲ ಬೇಕಾಗುತ್ತದೆ. ಜಾಗ ಸಾಲದಿದ್ದರೆ ಆಟಗಾರ ಕ್ಯೂವಿನ ಹಿಂಬದಿಯನ್ನು ಮೇಲಕ್ಕೆತ್ತುತ್ತಾನೆ. ಎತ್ತಿ ಹೊಡೆದ ಚೆಂಡು ಸ್ವಲ್ಪ ಹಾರುತ್ತದೆ, ನಡುವಿನಿಂದ ಕೂದಲೆಳೆಯಷ್ಟು ಆಚೀಚೆ ತಾಗಿದರೂ ದಾರಿ ಬಾಗುತ್ತದೆ. ಕುಶನ್ನಿಗೆ ಅಂಟಿದ ಚೆಂಡನ್ನು ಆಡುವುದು ಮೊದಲೇ ಕಷ್ಟ, ಅದನ್ನು ಪ್ರತಿಸಲವೂ ತಪ್ಪು ಭಂಗಿಯಲ್ಲಿ ಅಭ್ಯಾಸ ಮಾಡುವುದು ಲೀಗ್ ಆಟಗಾರ್ತಿಗೆ ನಷ್ಟವೇ ಸರಿ. 52 ಅಂಗುಲದ ಗಿಡ್ಡ ಕ್ಯೂ ಬಳಸಬಹುದೆಂಬ ಸಲಹೆಯೂ ಬಂದಿತ್ತು. ಒಂದು ಕಂಬವೋ ಮೂಲೆಯೋ ಅಡ್ಡ ಬರುವ ಕೋಣೆಗೆ ಅದು ಒಪ್ಪುವ ಪರಿಹಾರ. ಎರಡೂ ತುದಿಗಳ ಉದ್ದಕ್ಕೂ ಅದೇ ಗತಿಯಾಗುವುದಾದರೆ ಅಲ್ಲಿ ಟೇಬಲ್ಲೇ ಕೋಣೆಗೆ ದೊಡ್ಡದಾಯಿತೆಂದು ತಿಳಿಯಬೇಕು.

ಸಾಮಾನ್ಯ ಎಂಟಡಿಯ ಟೇಬಲ್ಲಿನ ಆಟದ ಜಾಗ 88 ಗುಣಿಸು 44 ಅಂಗುಲ. ಅದು ಈ ಕೋಣೆಯಲ್ಲಿ ಆರಾಮವಾಗಿ ಕೂರುತ್ತದೆ. ಇವೆರಡರ ನಡುವೆ ಪ್ರೊ-ಎಂಟು ಎಂದು ಕರೆಯುವ ಇನ್ನೊಂದು ಅಳತೆ ಇದೆ: 92 ಗುಣಿಸು 46 ಅಂಗುಲ. ಇದನ್ನಿಟ್ಟರೆ ತುದಿಗಳಲ್ಲಿ 59 ಅಂಗುಲ, ಪಕ್ಕಗಳಲ್ಲಿ 61 ಅಂಗುಲ ಉಳಿಯುತ್ತದೆ. ತುದಿಯ ಕುಶನ್ನಿಗೆ ಅಂಟಿದ ಚೆಂಡಿಗೆ ಇಲ್ಲಿಯೂ ಸ್ವಲ್ಪ ಬಿಗಿಯೇ, ಆದರೆ ಚೆಂಡು ಒಂದು ಗೇಣು ಒಳಗೆ ಬಂದರೂ ಪೂರ್ತಿ ಹೊಡೆತ ಸಿಗುತ್ತದೆ. ಪತ್ನಿ ಒಂದು ವಾರ ಯೋಚಿಸಿ ಒಂಬತ್ತಡಿಯ ಆಸೆಯನ್ನು ಬಿಟ್ಟರು. ಬ್ರಾಂಡಿನ ಆಯ್ಕೆಯಲ್ಲಿ ಅರ್ಧದಷ್ಟು ಕೆಲಸ ಇಲ್ಲಿಗೇ ಮುಗಿಯಿತೆಂದು ನನ್ನ ಅಭಿಪ್ರಾಯ. ಅಳತೆ ಗೊತ್ತಾದ ಮೇಲೆ, ಆ ಅಳತೆಯಲ್ಲಿ ಯಾರು ಏನು ಕೊಡುತ್ತಾರೆ ಎಂದಷ್ಟೇ ಕೇಳುವುದು ಉಳಿಯುತ್ತದೆ.

ಮೂರು ಹೆಸರುಗಳ ಹಿಂದೆ ಇರುವುದು

ಬ್ರನ್ಸ್‌ವಿಕ್ 1845ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜಾನ್ ಮೋಸಸ್ ಬ್ರನ್ಸ್‌ವಿಕ್ ಆರಂಭಿಸಿದ ಕಂಪನಿ. ಗೋಲ್ಡ್ ಕ್ರೌನ್ ಮಾದರಿ ಬಂದದ್ದು 1961ರಲ್ಲಿ. ಅಲ್ಲಿಂದ ಮುಂದೆ ಅನೇಕ ದಶಕಗಳ ಕಾಲ ಪೂಲ್ ಹಾಲ್‌ಗಳಲ್ಲಿ ಒಳ್ಳೆಯ ಟೇಬಲ್ ಎಂದರೆ ಅದೇ ಎಂಬ ಮಟ್ಟಿಗೆ ಅದು ಬೆಳೆಯಿತು. ಆದರೆ ಕೊಳ್ಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ಬ್ರನ್ಸ್‌ವಿಕ್ ಬಿಲಿಯರ್ಡ್ಸ್ ಈಗ ಮೂಲ ಕಂಪನಿಯ ಕೈಯಲ್ಲಿಲ್ಲ, 2022ರಿಂದ ಅದು ಎಸ್ಕಲೇಡ್ ಕಂಪನಿಯದು. ಹೆಸರು ಹಳೆಯದೆಂಬ ಒಂದೇ ಕಾರಣಕ್ಕೆ ಇಂದಿನ ಟೇಬಲ್ಲನ್ನು ಒಪ್ಪುವುದೂ ಸರಿಯಲ್ಲ, ಒಡೆತನ ಬದಲಾಯಿತೆಂದು ತಳ್ಳುವುದೂ ಸರಿಯಲ್ಲ. ಇಂದು ಮಾರಾಟವಾಗುತ್ತಿರುವ ಮಾದರಿಯ ಸ್ಲೇಟ್, ಅಂದರೆ ಬಟ್ಟೆಯ ಅಡಿಯ ಕಲ್ಲಿನ ಹಾಸು, ಚೌಕಟ್ಟು, ಮತ್ತು ಕುಶನ್ ಅಂಟಿಸಿದ ಅಂಚಿನ ಮರಗಳಾದ ರೈಲುಗಳನ್ನು ನೋಡಿಯೇ ತೀರ್ಮಾನಿಸಬೇಕು.

ಡೈಮಂಡ್ 1987ರಲ್ಲಿ ಹುಟ್ಟಿದ, ಇಂಡಿಯಾನಾದ ಜೆಫರ್‌ಸನ್‌ವಿಲ್‌ನ ಕಂಪನಿ. ಪಂದ್ಯಾವಳಿಗಳಲ್ಲಿ ಅದರ ಟೇಬಲ್‌ಗಳು ಬಹಳವಾಗಿ ಬಳಕೆಯಾಗಿರುವುದರಿಂದ ಗಂಭೀರ ಆಟಗಾರರಲ್ಲಿ ಅದಕ್ಕೆ ತುಂಬ ಗೌರವವಿದೆ. ಪ್ರೊ-ಆ್ಯಮ್ ಮಾದರಿಯ ಮುಖ್ಯ ಗುಣವೆಂದರೆ ಸ್ಲೇಟ್ ಒಂದೇ ತುಂಡು. ಓಲ್‌ಹೌಸೆನ್ 1973ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಆರಂಭವಾಯಿತು, ಇಂದು ಅದರ ತಯಾರಿಕೆ ಟೆನಿಸೀಯ ಪೋರ್ಟ್‌ಲೆಂಡ್‌ನಲ್ಲಿ ನಡೆಯುತ್ತದೆ. ಅದು ಮುಖ್ಯವಾಗಿ ಮನೆಗಳಿಗಾಗಿ ಟೇಬಲ್ ಮಾಡುವ ಕಂಪನಿ. ಮರದ ಕೆಲಸದಲ್ಲಿ, ಬಣ್ಣದಲ್ಲಿ, ಕಾಲುಗಳ ಆಕಾರದಲ್ಲಿ ಅಪಾರ ವೈವಿಧ್ಯ ಕೊಡುತ್ತದೆ, ಮತ್ತು ತನ್ನ ಆ್ಯಕ್ಯು-ಫಾಸ್ಟ್ ಕುಶನ್‌ಗಳನ್ನು ಬಹುವಾಗಿ ಎತ್ತಿ ಹೇಳುತ್ತದೆ.

ಕುಟುಂಬದ ಕೈಗೆ ಬಂದ ಪ್ರಸ್ತಾಪಗಳಲ್ಲಿ ಗೋಲ್ಡ್ ಕ್ರೌನ್ ಸಾಮಾನ್ಯ ಎಂಟಡಿ ಮತ್ತು ಒಂಬತ್ತಡಿಯಲ್ಲಿ ಇತ್ತು. ಪ್ರೊ-ಆ್ಯಮ್ ಮತ್ತು ಓಲ್‌ಹೌಸೆನ್ ಎರಡೂ 92 ಗುಣಿಸು 46ರ ಅಳತೆಯಲ್ಲಿದ್ದವು. ಹಳೆಯ ಗೋಲ್ಡ್ ಕ್ರೌನ್ ಒಂದನ್ನು ಕೊಂಡು ಹೊಸದಾಗಿ ಕಟ್ಟಿಸುವ ನಾಲ್ಕನೆಯ ದಾರಿಯೂ ಚರ್ಚೆಗೆ ಬಂತು. ನನ್ನ ಮಟ್ಟಿಗೆ ಅದು ಹಲವರಿಗೆ ಅತ್ಯುತ್ತಮ ದಾರಿ: ಸರಿಯಾಗಿ ಆಧಾರ ಕೊಟ್ಟು ಇಟ್ಟ ಸ್ಲೇಟ್ ಕಲ್ಲಿಗೆ ಮುಪ್ಪಿಲ್ಲ, ಗಡುಸಾಗುವ ಕುಶನ್ ರಬ್ಬರನ್ನೂ ಸವೆಯುವ ಬಟ್ಟೆಯನ್ನೂ ಬದಲಾಯಿಸಬಹುದು, ಬಿಡಿಭಾಗಗಳೂ ಸಿಗುತ್ತವೆ. ಇಲ್ಲಿ ಅದನ್ನು ಕೈಬಿಟ್ಟದ್ದು ಕೇವಲ ಅಳತೆಯ ಕಾರಣಕ್ಕೆ. ಸಿಕ್ಕಿದ್ದೆಲ್ಲವೂ ಒಂಬತ್ತಡಿಯವೇ ಆಗಿದ್ದವು. ಹಳೆಯ ಡೈಮಂಡ್ ಕೊಳ್ಳುವವರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕೆಂಪು ಲೇಬಲ್ ಇದ್ದ ಹಳೆಯ ರೈಲುಗಳಲ್ಲಿ ಬ್ಯಾಂಕ್ ಹೊಡೆತಗಳು, ಅಂದರೆ ಚೆಂಡು ಕುಶನ್ನಿಗೆ ಬಡಿದು ಮರಳುವ ಹೊಡೆತಗಳು, ಬೇಕಾದದ್ದಕ್ಕಿಂತ ಕಿರಿದಾದ ಕೋನದಲ್ಲಿ ಮರಳುತ್ತವೆಂಬುದು ಆಟಗಾರರಿಗೆ ಚೆನ್ನಾಗಿ ಗೊತ್ತಿರುವ ವಿಚಾರ, ನಂತರ ಬಂದ ನೀಲಿ ಲೇಬಲ್ಲಿನ ರೈಲುಗಳಲ್ಲಿ ಅದನ್ನು ತಿದ್ದಲಾಯಿತು.

ಪರೀಕ್ಷೆಯಲ್ಲಿ ಬಟ್ಟೆಯ ಪಾತ್ರ

ಮೂರೂ ಕಂಪನಿಗಳ ಟೇಬಲ್‌ಗಳ ಮೇಲೆ ಆಡಿ ನೋಡಿದ ನಂತರ ಕುಟುಂಬ ಒಂದು ತೀರ್ಮಾನಕ್ಕೆ ಬಂದಂತಿತ್ತು. ಡೈಮಂಡ್ ಅತಿ ವೇಗದ್ದು, ಗೋಲ್ಡ್ ಕ್ರೌನ್ ಹಿತವಾದದ್ದು, ಓಲ್‌ಹೌಸೆನ್ ನಿಧಾನದ್ದು ಎಂದು ಅವರು ಬರೆದಿಟ್ಟುಕೊಂಡಿದ್ದರು. ಆ ಟಿಪ್ಪಣಿಯನ್ನು ನಂಬಲು ನನಗೆ ಆಗಲಿಲ್ಲ, ಏಕೆಂದರೆ ಮೂರು ಟೇಬಲ್‌ಗಳ ಮೇಲೂ ಬೇರೆಬೇರೆ ಬಟ್ಟೆ ಇತ್ತು. ಮೊದಲನೆಯದರ ಮೇಲೆ ಹೊಸ ಸಿಮೊನಿಸ್ 860, ಎರಡನೆಯದರ ಮೇಲೆ ಬಹಳ ಆಡಿ ಸವೆದ ಅದೇ ಜಾತಿಯ ಬಟ್ಟೆ, ಮೂರನೆಯದರ ಮೇಲೆ ಮೇಲ್ಮೈಯಲ್ಲಿ ರೋಮವಿರುವ ಸಾಮಾನ್ಯ ಉಣ್ಣೆ ಬಟ್ಟೆ. ಬೆಲ್ಜಿಯಂನ ವೆರ್ವಿಯೆದಲ್ಲಿ 1680ರಿಂದ ಬಟ್ಟೆ ನೇಯುತ್ತ ಬಂದಿರುವ ಇವಾನ್ ಸಿಮೊನಿಸ್ ಕಂಪನಿಯ 860 ನುಣುಪಾದ, ಬಾಚಿ ನೂತ ಉಣ್ಣೆಯ ಬಟ್ಟೆ. ಅದರ ಮೇಲೆ ಚೆಂಡಿನ ಉರುಳಾಟ ರೋಮದ ಬಟ್ಟೆಗಿಂತ ಎಷ್ಟೋ ದೂರ ಸಾಗುತ್ತದೆ. ಹೊಸ ಬಟ್ಟೆಯ ಮೇಲೆ ಚೆಂಡು ಜಾರುತ್ತದೆ ಕೂಡ, ಆದ್ದರಿಂದ ಕುಶನ್ನಿಗೆ ತಾಗಿ ಮರಳುವ ಕೋನವೂ ಬದಲಾಗುತ್ತದೆ. ಗಾಳಿಯ ತೇವಾಂಶವೂ ಇದರಲ್ಲಿ ಸೇರಿಕೊಳ್ಳುತ್ತದೆ. ಅಂದರೆ ಅವರು ಪರೀಕ್ಷಿಸಿದ್ದು ಬಹುಪಾಲು ಬಟ್ಟೆಯನ್ನು, ಮತ್ತು ಬಟ್ಟೆಯನ್ನು ಕೊಳ್ಳುವವರೇ ಆರಿಸಿ ಯಾವ ಟೇಬಲ್ಲಿಗೆ ಬೇಕಾದರೂ ಹೊದಿಸಬಹುದು.

ಬಟ್ಟೆಯ ಪ್ರಭಾವವನ್ನು ಆದಷ್ಟು ಬದಿಗಿಟ್ಟು ನೋಡುವಂಥ ಗುಣಗಳನ್ನು ಎರಡನೆಯ ಸುತ್ತಿನಲ್ಲಿ ಪರಿಶೀಲಿಸಿದೆವು. ಉದ್ದನೆಯ ರೈಲಿನ ಒಂದೊಂದು ಗುರುತಿನ ಎದುರಿಗೂ ಒಂದೇ ಬಲದಲ್ಲಿ ಚೆಂಡನ್ನು ನೇರವಾಗಿ ಕುಶನ್ನಿಗೆ ಹೊಡೆದು, ಎಲ್ಲ ಕಡೆಯಿಂದಲೂ ಒಂದೇ ದೂರ ಮರಳುತ್ತದೆಯೇ ಎಂದು ನೋಡಿದೆವು. ಯಾವುದಾದರೊಂದು ಕಡೆ ದಪ್ಪನೆಯ ಸತ್ತ ಸದ್ದು ಬಂದು ಚೆಂಡು ಹಿಂದೆ ಬೀಳುವುದಾದರೆ ಅಲ್ಲಿ ರಬ್ಬರ್ ಮರದಿಂದ ಬಿಟ್ಟಿರಬಹುದು ಇಲ್ಲವೇ ರೈಲಿನ ಬೋಲ್ಟ್ ಸಡಿಲವಾಗಿರಬಹುದು. ಕುಶನ್ ಮೂಗಿನ ಎತ್ತರ ಅಳೆದೆವು. ವಿಶ್ವ ಪೂಲ್ ಸಂಘದ ನಿಯಮದಂತೆ ಅದು ಚೆಂಡಿನ ವ್ಯಾಸದ ಶೇ. 63.5ರ ಆಸುಪಾಸಿನಲ್ಲಿ, ಹೆಚ್ಚೆಂದರೆ ಶೇ. 1ರಷ್ಟು ಆಚೀಚೆ ಇರಬೇಕು, 57.15 ಮಿಲಿಮೀಟರ್ ವ್ಯಾಸದ ಚೆಂಡಿಗೆ ಅದು ಸುಮಾರು 36.3 ಮಿಲಿಮೀಟರ್. ಮೂಗು ತಗ್ಗಿದ್ದರೆ ಬಲವಾಗಿ ಹೊಡೆದ ಚೆಂಡು ಹಾರುತ್ತದೆ, ಎತ್ತರವಾಗಿದ್ದರೆ ಕುಶನ್ ಚೆಂಡನ್ನು ಕೆಳಕ್ಕೆ ಒತ್ತಿ ವೇಗವನ್ನು ನುಂಗುತ್ತದೆ. ಮೂರೂ ಟೇಬಲ್‌ಗಳು ಈ ಪರೀಕ್ಷೆಗಳಲ್ಲಿ ಪಾಸಾದವು. ಈ ದರ್ಜೆಗೆ ಬಂದಮೇಲೆ ಕುಶನ್ನಿನ ಗುಣದಲ್ಲಿ ಕಂಪನಿಗಳ ನಡುವಿನ ಅಂತರ ಜಾಹೀರಾತುಗಳು ಹೇಳುವಷ್ಟು ದೊಡ್ಡದಲ್ಲವೆಂದು ನನಗೆ ಖಚಿತವಾದದ್ದು ಆಗಲೇ.

ಪಾಕೆಟ್ಟಿನ ಬಾಯಿ

ನಿಜವಾದ ಭಿನ್ನಾಭಿಪ್ರಾಯ ಹುಟ್ಟಿದ್ದು ಪಾಕೆಟ್ಟಿನ ಬಗ್ಗೆ. ವಿಶ್ವ ಪೂಲ್ ಸಂಘದ ನಿಯಮದಲ್ಲಿ ಮೂಲೆಯ ಪಾಕೆಟ್ಟಿನ ಬಾಯಿ 4.5ರಿಂದ 4.625 ಅಂಗುಲ, ನಡುವಿನ ಪಾಕೆಟ್ಟಿನದು 5ರಿಂದ 5.125 ಅಂಗುಲ. ಮನೆಗಾಗಿ ಮಾಡುವ ಬಹಳಷ್ಟು ಟೇಬಲ್‌ಗಳಲ್ಲಿ ಮೂಲೆಯ ಬಾಯಿಯೇ 5 ಅಂಗುಲದ ಹತ್ತಿರ ಇರುತ್ತದೆ. ಅರ್ಧ ಅಂಗುಲದ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸುತ್ತದೆ. ಆದರೆ ಚೆಂಡೇ 2.25 ಅಂಗುಲ ಇರುವುದರಿಂದ, ಅಂಚಿಗೆ ತಾಗದೆ ಒಳಹೋಗಲು ಅದರ ಮಧ್ಯಬಿಂದುವಿಗೆ 4.5ರ ಬಾಯಿಯಲ್ಲಿ ಸಿಗುವ ದಾರಿ 2.25 ಅಂಗುಲ, 5ರ ಬಾಯಿಯಲ್ಲಿ 2.75 ಅಂಗುಲ. ಐದನೆಯ ಒಂದು ಭಾಗಕ್ಕೂ ಹೆಚ್ಚಿನ ಔದಾರ್ಯ ಅದು. ಬಾಯಿಯ ಅಗಲದ ಜೊತೆಗೆ ಅಂಚುಗಳನ್ನು ಕತ್ತರಿಸಿದ ಕೋನ, ಮತ್ತು ಬಾಯಿಯಿಂದ ಸ್ಲೇಟ್ ಮುಗಿಯುವವರೆಗಿನ ಆಳವೂ ಲೆಕ್ಕಕ್ಕೆ ಬರುತ್ತವೆ. ಆಳ ಹೆಚ್ಚಿದ್ದರೆ ಎರಡೂ ಅಂಚುಗಳಿಗೆ ತಾಗಿದ ಚೆಂಡು ಒಳಗೆ ಬೀಳದೆ ಅಲ್ಲಾಡಿ ನಿಲ್ಲುತ್ತದೆ. ಅಂಗಡಿಯಲ್ಲಿ ಅಳತೆಪಟ್ಟಿ ಇಲ್ಲದವರು ಎರಡು ಚೆಂಡುಗಳನ್ನು ಜೋಡಿಸಿ ಬಾಯಿಯ ಅಂಚುಗಳ ನಡುವೆ ಇಟ್ಟು ನೋಡಬಹುದು. ಕಷ್ಟಪಟ್ಟು ಕೂತರೆ 4.5, ಅಲ್ಲಾಡಲು ಸಾಕಷ್ಟು ಜಾಗ ಉಳಿದರೆ 5ರ ಹತ್ತಿರ.

ಪತಿಯ ವಾದ ಹೀಗಿತ್ತು: ಮಕ್ಕಳು ಕಲಿಯುವ ಟೇಬಲ್ಲಿನಲ್ಲಿ ಚೆಂಡು ಬೀಳಬೇಕು, ಬೀಳದಿದ್ದರೆ ಅವರು ಕ್ಯೂ ಕೆಳಗಿಟ್ಟು ಹೊರಡುತ್ತಾರೆ. ಪತ್ನಿಯ ಮಾತು ಅಷ್ಟೇ ಗಟ್ಟಿಯಾಗಿತ್ತು: ಅಗಲ ಬಾಯಿಯ ಪಾಕೆಟ್ ತಪ್ಪು ಹೊಡೆತವನ್ನೂ ಸ್ವೀಕರಿಸುವುದರಿಂದ ಅಭ್ಯಾಸದಲ್ಲಿ ತನ್ನ ತಪ್ಪು ತನಗೇ ಕಾಣುವುದಿಲ್ಲ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಮನೆಯ ಟೇಬಲ್ಲಿಗೆ 4.25 ಅಂಗುಲದ ವೃತ್ತಿಪರ ಬಾಯಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಪಂದ್ಯಗಳಿಗಾಗಿ ದಿನವೂ ತಾಸುಗಟ್ಟಲೆ ಆಡುವವರನ್ನು ಬಿಟ್ಟರೆ ಅದು ಎಲ್ಲರನ್ನೂ ದಣಿಸುತ್ತದೆ. ಮಕ್ಕಳನ್ನು ಎರಡೂ ಬಗೆಯ ಟೇಬಲ್‌ಗಳ ಮೇಲೆ ಆಡಿಸಿ ನೋಡಿದಾಗ ಒಂದು ಉಪಯುಕ್ತ ಸಂಗತಿ ತಿಳಿಯಿತು. ಅವರು ತಪ್ಪಿಸುತ್ತಿದ್ದ ಹೊಡೆತಗಳು ಬಹುತೇಕ ಪಾಕೆಟ್ಟಿನಿಂದ ಒಂದು ಅಂಗೈ ಅಗಲ ದೂರ ಹೋಗುತ್ತಿದ್ದವು. ಅಂಥ ಹೊಡೆತಕ್ಕೆ ಅರ್ಧ ಅಂಗುಲದ ಔದಾರ್ಯದಿಂದ ಏನೂ ಸಹಾಯವಿಲ್ಲ. ಆ ಔದಾರ್ಯದ ಲಾಭ ಸಿಗುವುದು ಮಧ್ಯಮ ದರ್ಜೆಯ ಆಟಗಾರನಿಗೆ, ಎಂದರೆ ಪತಿಗೆ. ಇದನ್ನು ಅವರು ನಗುತ್ತಲೇ ಒಪ್ಪಿಕೊಂಡರು, ಮತ್ತು 4.5ಕ್ಕೆ ಎಲ್ಲರೂ ಸಮ್ಮತಿಸಿದರು. ಪ್ರೊ-ಆ್ಯಮ್‌ನ ಪ್ರಸ್ತಾಪ ಈ ಬಾಯಿಯಲ್ಲೇ ಇತ್ತು. ಓಲ್‌ಹೌಸೆನ್‌ನದು ಅದಕ್ಕಿಂತ ಅಗಲವಾಗಿತ್ತು, ರೈಲುಗಳನ್ನು ತಿದ್ದಿ ಬಿಗಿ ಮಾಡಿಸುವುದು ಸಾಧ್ಯವಿತ್ತು, ಆದರೆ ಹೊಸ ಟೇಬಲ್ಲಿನ ರೈಲನ್ನು ಕೊಂಡ ಕೂಡಲೇ ಬಿಚ್ಚುವುದು ಯಾರಿಗೂ ಇಷ್ಟವಾಗಲಿಲ್ಲ.

ಒಂದು ತುಂಡೋ, ಮೂರು ತುಂಡೋ

ಮೇಲ್ದರ್ಜೆಯ ಟೇಬಲ್‌ಗಳ ಸ್ಲೇಟ್ ಕನಿಷ್ಠ ಒಂದು ಅಂಗುಲ ದಪ್ಪವಿರುತ್ತದೆ. ಮೂರು ತುಂಡಿನ ಸ್ಲೇಟನ್ನು ಚೌಕಟ್ಟಿನ ಮೇಲೆ ಜೋಡಿಸಿ, ತುಂಡುಗಳ ಅಡಿಗೆ ತೆಳು ಬೆಣೆಗಳನ್ನು ಕೊಟ್ಟು ಮಟ್ಟ ಮಾಡಿ, ಕೂಡುವ ಗೆರೆಗಳಿಗೆ ಜೇನುಮೇಣ ತುಂಬಿ ಹೆರೆದು ಸಮ ಮಾಡುತ್ತಾರೆ. ಕೆಲಸ ಬಲ್ಲವರು ಮಾಡಿದರೆ ಆ ಗೆರೆ ಎಲ್ಲಿದೆ ಎಂದು ಚೆಂಡಿಗೆ ತಿಳಿಯುವುದೇ ಇಲ್ಲ. ಒಂದೇ ತುಂಡಿನ ಸ್ಲೇಟಿನಲ್ಲಿ ಗೆರೆಯ ಪ್ರಶ್ನೆಯೇ ಇಲ್ಲ, ಮುಂದೆ ಮೇಣ ಬಿರಿಯುವ ಚಿಂತೆಯೂ ಇಲ್ಲ. ಬದಲಿಗೆ ಅದರ ತೂಕವನ್ನು ಒಪ್ಪಿಕೊಳ್ಳಬೇಕು. ಪ್ರೊ-ಎಂಟರ ಅಳತೆಗೆ ಕಲ್ಲೊಂದೇ ಸುಮಾರು 220 ಕಿಲೋ ತೂಗುತ್ತದೆ. ಮೂರು ತುಂಡಾದರೆ ಒಂದೊಂದು 70–75 ಕಿಲೋ, ಇಬ್ಬರು ಮೆಟ್ಟಿಲು ಹತ್ತಿಸಬಹುದು. ಕೋಣೆ ಮಹಡಿಯ ಮೇಲಿದ್ದಿದ್ದರೆ, ಮೆಟ್ಟಿಲಿಗೆ ಒಂದು ತಿರುವಿದ್ದಿದ್ದರೆ, ಅಥವಾ ಕುಟುಂಬ ಬಾಡಿಗೆ ಮನೆಯಲ್ಲಿದ್ದಿದ್ದರೆ ನಾನು ಮೂರು ತುಂಡಿನ ಗೋಲ್ಡ್ ಕ್ರೌನ್ ಅಥವಾ ಓಲ್‌ಹೌಸೆನ್ ಕಡೆಗೇ ಒತ್ತಾಯಿಸುತ್ತಿದ್ದೆ. ಇಲ್ಲಿ ಕೋಣೆ ನೆಲಮಹಡಿಯದು, ಜೋಡಿಬಾಗಿಲು ಅಗಲವಾಗಿದೆ, ಮನೆ ಸ್ವಂತದ್ದು, ಬಿಟ್ಟು ಹೋಗುವ ಯೋಚನೆ ಅವರಿಗಿಲ್ಲ. ಒಂದೇ ತುಂಡಿನ ವಿರುದ್ಧ ಇರಬಹುದಾದ ಆಕ್ಷೇಪಗಳು ಈ ಮನೆಯ ಮಟ್ಟಿಗೆ ಬಿದ್ದುಹೋದವು.

ರೂಪದ ವಿಷಯದಲ್ಲಿ ಓಲ್‌ಹೌಸೆನ್ ಎಲ್ಲರ ಮನಸ್ಸನ್ನೂ ಗೆದ್ದಿತ್ತು. ಚರ್ಮದ ಪಾಕೆಟ್, ಕೆತ್ತಿದ ಕಾಲು, ಘನ ಮರ. ಮನೆಯ ಪೀಠೋಪಕರಣಗಳ ನಡುವೆ ಅದು ಸಲೀಸಾಗಿ ಸೇರಿಕೊಳ್ಳುತ್ತಿತ್ತು. ಆಟದಷ್ಟೇ ನೋಟಕ್ಕೂ ಬೆಲೆ ಕೊಡುವ ಮನೆಗೆ ಅದನ್ನು ಧೈರ್ಯವಾಗಿ ಹೇಳುತ್ತೇನೆ. ಈ ಕುಟುಂಬದಲ್ಲಿ ಮಾತ್ರ ಟೇಬಲ್ಲಿನ ಮೇಲೆ ಅತಿ ಹೆಚ್ಚು ಹೊತ್ತು ಕಳೆಯುವವರು ಪತ್ನಿ, ಮತ್ತು ಅವರ ಲೀಗ್ ಪಂದ್ಯಗಳು ಡೈಮಂಡ್ ಟೇಬಲ್‌ಗಳ ಮೇಲೇ ನಡೆಯುತ್ತಿದ್ದವು. ಅದೇ ಬಾಯಿ, ಅದೇ ಕುಶನ್, ಅದೇ ಬ್ಯಾಂಕ್ ಕೋನಗಳ ಮೇಲೆ ಮನೆಯಲ್ಲಿ ಅಭ್ಯಾಸ ಮಾಡುವ ಲಾಭಕ್ಕೆ ಬೇರೆ ಯಾವ ಗುಣವೂ ಸಾಟಿಯಾಗಲಿಲ್ಲ. ಪ್ರೊ-ಎಂಟು ಅಳತೆಯ ಪ್ರೊ-ಆ್ಯಮ್ ಕೊಳ್ಳುವುದೆಂದು ನಿರ್ಧಾರವಾಯಿತು.

ಜೋಡಣೆ

ಟೇಬಲ್ಲಿನ ಕೆಲಸ ಬಲ್ಲ ಮೆಕ್ಯಾನಿಕ್ ಯಾರು ಎಂಬುದನ್ನು ಹಣ ಕೊಡುವ ಮೊದಲೇ ಖಾತ್ರಿ ಮಾಡಿಕೊಂಡೆವು. ಇದರಲ್ಲಿ ನಾನು ಸ್ವಲ್ಪ ಹಟವನ್ನೇ ಹಿಡಿದೆ. ನಿಯಮದ ಪ್ರಕಾರ ಆಟದ ಮೇಲ್ಮೈಯನ್ನು ಉದ್ದಕ್ಕೆ ಅರ್ಧ ಮಿಲಿಮೀಟರ್, ಅಗಲಕ್ಕೆ ಅದರ ಅರ್ಧದಷ್ಟು ವ್ಯತ್ಯಾಸದೊಳಗೆ ಮಟ್ಟ ಮಾಡಲು ಬರಬೇಕು. ಗೋಡೆ ಕಟ್ಟುವವರ ರಸಮಟ್ಟದಿಂದ ಆ ನಿಖರತೆ ಸಿಗುವುದಿಲ್ಲ. ಯಂತ್ರಶಾಲೆಗಳಲ್ಲಿ ಬಳಸುವ ಸೂಕ್ಷ್ಮ ರಸಮಟ್ಟವೇ ಬೇಕು. ಬಂದ ಮೆಕ್ಯಾನಿಕ್ ಅಂಥದ್ದನ್ನೇ ತಂದಿದ್ದರು. ಕಾಲುಗಳ ತಿರುಪುಪಾದಗಳಿಂದ ಮೊದಲು ಚೌಕಟ್ಟನ್ನು, ನಂತರ ಕಲ್ಲನ್ನು ಮಟ್ಟಕ್ಕೆ ತಂದು, ಸಿಮೊನಿಸ್ 860 ಬಟ್ಟೆಯನ್ನು ಬಿಗಿಯಾಗಿ ಎಳೆದು ಹೊದಿಸಿದರು. ದೀಪದ ವಿಷಯದಲ್ಲಿ ಮೇಲ್ಮೈಯ ಎಲ್ಲ ಕಡೆಯೂ, ರೈಲುಗಳ ಮೇಲೂ, ಕನಿಷ್ಠ 520 ಲಕ್ಸ್ ಬೆಳಕು ಬೀಳಬೇಕೆಂಬ ನಿಯಮವನ್ನೇ ಅನುಸರಿಸಿ, ಟೇಬಲ್ಲಿನಷ್ಟೇ ಉದ್ದದ ದೀಪ ಹಾಕಿಸಲಾಯಿತು.

ಕೆಲವು ತಿಂಗಳ ನಂತರ ಮರುಪರಿಶೀಲನೆ ನಡೆಯಿತು. ನಿಧಾನವಾಗಿ ಉರುಳಿಸಿದ ಚೆಂಡು ಒಂದು ಮೂಲೆಯತ್ತ ತುಸು ವಾಲುತ್ತಿತ್ತು. ಆ ಮೂಲೆಯ ಕಾಲಿನ ಪಾದವನ್ನು ಸ್ವಲ್ಪ ತಿರುಗಿಸಿದಾಗ ಸರಿಯಾಯಿತು. ಇಷ್ಟು ತೂಕ ಕೂತ ಮೇಲೆ ಮೊದಲ ವರ್ಷದಲ್ಲಿ ಇದು ಸಾಮಾನ್ಯ. ಪತ್ನಿಗೆ ಪಂದ್ಯದ ದಿನ ಬ್ಯಾಂಕ್ ಕೋನಗಳಿಗೆ ಹೊಂದಿಕೊಳ್ಳಬೇಕಾದ ಪ್ರಯಾಸ ಉಳಿದಿಲ್ಲ, ಆದರೆ ಉದ್ದನೆಯ ನೇರ ಹೊಡೆತಗಳಲ್ಲಿ ಒಂಬತ್ತಡಿಯ ಮೇಲಿನ ಹೆಚ್ಚುವರಿ ಎಂಟು ಅಂಗುಲ ಈಗಲೂ ಕಾಡುತ್ತದೆ, ಅದಕ್ಕಾಗಿ ತಿಂಗಳಿಗೊಮ್ಮೆಯಾದರೂ ಹಾಲ್‌ಗೆ ಹೋಗಿ ಬರುತ್ತಾರೆ. ಮಗ ತುದಿಯ ಕುಶನ್ನಿಗೆ ಅಂಟಿದ ಚೆಂಡಿಗೆ ಗಿಡ್ಡ ಕ್ಯೂ ಬಳಸುತ್ತಾನೆ, ಉಳಿದವರಿಗೆ ಅದರ ಅಗತ್ಯ ಬಿದ್ದಿಲ್ಲ. ಮುಂದಿನ ಸಲ ಬಟ್ಟೆ ಬದಲಾಯಿಸುವಾಗ ರೈಲುಗಳನ್ನು ಹೇಗೂ ಬಿಚ್ಚಲೇಬೇಕಾಗುವುದರಿಂದ, ಬೋಲ್ಟುಗಳ ಬಿಗಿಯನ್ನೂ ಕುಶನ್ ಮೂಗಿನ ಎತ್ತರವನ್ನೂ ಮತ್ತೊಮ್ಮೆ ಅಳೆದು ಮೊದಲ ದಿನದ ಅಂಕಿಗಳೊಡನೆ ಹೋಲಿಸಬೇಕೆಂದು ಮೆಕ್ಯಾನಿಕ್ ಟೇಬಲ್ಲಿನ ಅಡಿಯಲ್ಲೇ ಆ ಅಂಕಿಗಳನ್ನು ಬರೆದಿಟ್ಟು ಹೋಗಿದ್ದಾರೆ.